ಏರು ಹತ್ತಿದ ಬೈಕು, ಇಳಿಜಾರು ತೋರಿಸಿದ ನೀರು

ಲಡಾಖ್ ಪ್ರವಾಸ ಮುಗಿಸಿ ಬಂದ ಅಣ್ಣನ ಮಗ ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದ. ಲೇಹ್‌ನಿಂದ ಕಾರ್ಗಿಲ್ ಕಡೆಗೆ ಸುಮಾರು 30 ಕಿ.ಮೀ. ದೂರದ ಮ್ಯಾಗ್ನೆಟಿಕ್ ಹಿಲ್‌ನಲ್ಲಿ, ನ್ಯೂಟ್ರಲ್‌ಗೆ ಹಾಕಿದ ಕಾರು ತಾನಾಗಿಯೇ ಏರು ಹತ್ತುತ್ತಿತ್ತು. "ಗುಡ್ಡದಲ್ಲಿ ಅಯಸ್ಕಾಂತ ಇದೆಯಂತೆ, ಚಿಕ್ಕಪ್ಪ" ಎಂದ. ನನಗೆ ಶಿರಸಿ ಹತ್ತಿರದ ನಮ್ಮೂರಿನ ಒಳರಸ್ತೆ ನೆನಪಾಯಿತು. ಕಡಿದಾದ ಇಳಿಜಾರು ಮುಗಿದ ಮೇಲೆ ಅಲ್ಲೊಂದು ಸಣ್ಣ ಏರು. ಚಿಕ್ಕಂದಿನಲ್ಲಿ ತುಳಿಯದೆಯೇ ಅಲ್ಲಿ ಸೈಕಲ್ ಓಡುತ್ತಿತ್ತು. ಇಳಿದು ಬಂದ ರಭಸ ಎಂದುಕೊಂಡಿದ್ದೆ.

ಮರುದಿನ ನಸುಕಿನಲ್ಲಿ, ವಾಹನಗಳಿಲ್ಲದ ಹೊತ್ತು ನೋಡಿ ಇಬ್ಬರೂ ಹೋದೆವು. ತಿರುವಿನಲ್ಲಿ ಅವನನ್ನು ಕಾವಲಿಗೆ ನಿಲ್ಲಿಸಿದೆ. ಏರಿನ ಬುಡದಲ್ಲಿ ಬೈಕನ್ನು ಪೂರ್ತಿ ನಿಲ್ಲಿಸಿ, ಬ್ರೇಕ್ ಸಡಿಲಿಸಿದೆ. ಮೆಲ್ಲಗೆ ಮುಂದಕ್ಕೆ ಹೊರಟಿತು. ಮಕ್ಕಳ ರಬ್ಬರ್ ಚೆಂಡೂ ಅದೇ ಕಡೆಗೆ ಉರುಳಿತು. ರಬ್ಬರನ್ನು ಯಾವ ಅಯಸ್ಕಾಂತ ಎಳೆಯುತ್ತದೆ?

ಬಾಟಲಿಯ ನೀರು ಸುರಿದು ನೋಡಿದ್ದು ವ್ಯರ್ಥವಾಯಿತು. ಡಾಂಬರು ರಸ್ತೆಯ ನಡು ಉಬ್ಬಾಗಿರುವುದರಿಂದ ನೀರು ಪಕ್ಕದ ಚರಂಡಿಗೆ ಹರಿಯಿತು. ಆಗ ತೋಟದಲ್ಲಿ ಕಾಲುವೆಯ ಮಟ್ಟ ನೋಡುವ, ನೀರು ತುಂಬಿದ ಪಾರದರ್ಶಕ ಪೈಪನ್ನೇ ತಂದೆ. ಅದರ ಎರಡೂ ತುದಿಗಳಲ್ಲಿ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಇದರಲ್ಲಿ ಎಚ್ಚರ ಬೇಕು: ಒಳಗೆ ಒಂದು ಗಾಳಿಗುಳ್ಳೆ ಉಳಿದರೂ ಲೆಕ್ಕ ತಪ್ಪುತ್ತದೆ, ತುದಿಯನ್ನು ಬೆರಳಿನಿಂದ ಮುಚ್ಚಿಕೊಂಡರೂ ತಪ್ಪುತ್ತದೆ. ಮೊದಲು ಎರಡೂ ತುದಿಗಳನ್ನು ಜೋಡಿಸಿ ಹಿಡಿದು, ನೀರು ಸಮನಾಗಿ ನಿಂತದ್ದನ್ನು ಖಚಿತಪಡಿಸಿಕೊಂಡೆ. ನಂತರ 20 ಮೀಟರ್ ಅಂತರದಲ್ಲಿ ಅಳೆದೆವು. ರಸ್ತೆಯಿಂದ ನೀರಿನ ಎತ್ತರ ಬುಡದಲ್ಲಿ 80 ಸೆಂ.ಮೀ., ಏರಿನ ತುದಿಯಲ್ಲಿ 110. ಅಂದರೆ ನಾವು ಏರು ಎಂದುಕೊಂಡಿದ್ದ ತುದಿ 30 ಸೆಂ.ಮೀ. ತಗ್ಗಿನಲ್ಲಿತ್ತು! ಅನುಮಾನ ಬಂದು ತುದಿಗಳನ್ನು ಅದಲುಬದಲು ಮಾಡಿ ಮತ್ತೆ ಅಳೆದೆ. ಅಷ್ಟೇ ಬಂತು.

ಕಣ್ಣು ಇಳಿಜಾರನ್ನು ಅಳೆಯುವುದಿಲ್ಲ, ಅಕ್ಕಪಕ್ಕದ್ದಕ್ಕೆ ಹೋಲಿಸುತ್ತದೆ. ಕಡಿದಾದ ಇಳುಕಲಿನ ನಂತರ ಬರುವ ಅಲ್ಪ ಇಳುಕಲು ಏರಿನಂತೆ ಕಾಣುತ್ತದೆ. ಇಟಲಿಯ ಮನೋವಿಜ್ಞಾನಿ ಪಾವೊಲಾ ಬ್ರೆಸ್ಸಾನ್ ಮತ್ತು ಸಂಗಡಿಗರು ಮೇಜಿನ ಮೇಲೆ ಪುಟ್ಟ ರಸ್ತೆಗಳ ಮಾದರಿ ಮಾಡಿ ಇದನ್ನೇ ತೋರಿಸಿ, 2003ರಲ್ಲಿ ಪ್ರಕಟಿಸಿದರು. ನಿಜವಾದ ದಿಗಂತ ಕಾಣದಿದ್ದಾಗ ಈ ಭ್ರಮೆ ಸುಲಭವಾಗಿ ಹುಟ್ಟುತ್ತದೆ. ಕಾರವಾರದ ಕಡಲತೀರದಲ್ಲಿ ನಿಂತರೆ ನೀರಿನ ಅಂಚು ಕಣ್ಣಿನ ಮಟ್ಟಕ್ಕೆ ಗೆರೆ ಎಳೆದಂತೆ ಇರುತ್ತದೆ; ಹೋಲಿಸಲು ಅದೇ ಸಾಕು. ನಮ್ಮ ರಸ್ತೆಗೆ ಸುತ್ತಲೂ ಗುಡ್ಡ, ಕಾಡು. ಅಲ್ಲಿ ಕಣ್ಣಿಗೆ ಆಧಾರವೇ ಇಲ್ಲ.

ಅಳತೆ ಗೊತ್ತಾದ ಮೇಲೂ ಅಲ್ಲಿ ನಿಂತರೆ ಏರೇ ಕಾಣುತ್ತದೆ. ಏರಿನ ತುದಿಯಂತೆ ಕಾಣುವ, ನಿಜಕ್ಕೂ ತಗ್ಗಿನಲ್ಲಿರುವ ಕಡೆಗೆ ಹೋಗಿ ಹಿಂದಿರುಗಿ ನೋಡಿದರೆ ಅದೇ ತುಂಡು ಇಳಿಜಾರಾಗಿ ಕಾಣುತ್ತದೆ, ಎದುರಿನ ಕಡಿದಾದ ಏರಿನ ದೆಸೆಯಿಂದ.

ಇಂಥ ಕಡೆ ಕಾರಿನಲ್ಲಿ ಪರೀಕ್ಷಿಸುವವರು ಎಂಜಿನ್ ಆರಿಸಬೇಡಿ; ಬ್ರೇಕೂ ಸ್ಟೀರಿಂಗೂ ಬಿಗಿಯಾಗುತ್ತವೆ.

ಪೈಪು ಕೈಯಲ್ಲಿದ್ದುದರಿಂದ ಅಂದೇ ಮಧ್ಯಾಹ್ನ, ಮಳೆಗಾಲವಿಡೀ ನೀರು ನಿಲ್ಲುವ ತೋಟದ ಮೂಲೆಗೆ ಹೋದೆ. ಅಲ್ಲಿನ ಬಸಿಗಾಲುವೆಯನ್ನು ನಾನು ಕಣ್ಣಳತೆಯಲ್ಲೇ ತೋಡಿಸಿದ್ದೆ. ಅದು ಹೊರಗಿನ ಹಳ್ಳದ ಕಡೆಗಲ್ಲ, ತೋಟದೊಳಕ್ಕೆ ಇಳಿದಿತ್ತು.