ಎರಡು ಕೆಲಸಗಳ ನಡುವಿನ 19 ದಿನ

ಕೊಪ್ಪಳದ ಗಿಣಿಗೇರಿ ಹತ್ತಿರ ಒಂದು ಕಾರ್ಖಾನೆಯಲ್ಲಿ ಏಳು ವರ್ಷ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದೆ. ನೌಕರರಿಗೆಲ್ಲ ಸೇರಿ ಕಂಪನಿಯೇ ಮಾಡಿಸಿದ್ದ 3 ಲಕ್ಷದ ಆರೋಗ್ಯ ವಿಮೆ, ಅಂದರೆ ಗ್ರೂಪ್ ಪಾಲಿಸಿ ಇತ್ತು. ನಾನು, ಹೆಂಡತಿ, ಮಗಳು, ಅವ್ವ ಎಲ್ಲರೂ ಅದರಲ್ಲೇ. ಅವ್ವನಿಗೆ ಶುಗರ್ ಇದ್ದರೂ ಮೊದಲ ದಿನದಿಂದಲೇ ಕವರ್. ಇಷ್ಟಿರುವಾಗ ಸುಮ್ನೆ ಇನ್ನೊಂದು ಪಾಲಿಸಿ ಯಾಕೆ ಅಂದುಕೊಂಡಿದ್ದೆ.

2024ರ ಆಗಸ್ಟ್‌ನಲ್ಲಿ ಆ ಕೆಲಸ ಬಿಟ್ಟೆ. ಹೊಸಪೇಟೆಯಲ್ಲಿ ಹೊಸ ಕೆಲಸಕ್ಕೆ ಸೇರುವ ಮುಂಚೆ 19 ದಿನ ಖಾಲಿ ಇದ್ದೆ. ಅಷ್ಟರಲ್ಲೇ ಮಗಳಿಗೆ ಡೆಂಗ್ಯೂ ಬಂತು. ಆಸ್ಪತ್ರೆ ಕೌಂಟರಿನಲ್ಲಿ ಹಳೇ ಕಾರ್ಡ್ ಕೊಟ್ಟೆ. ಅಲ್ಲಿದ್ದ ಹುಡುಗಿ ನಂಬರ್ ಹೊಡೆದು ನೋಡಿ, "ಇದು ಬಂದ್ ಆಗೇತ್ರಿ ಸರ್, ಅಡ್ವಾನ್ಸ್ ಕಟ್ಟಬೇಕಾಗ್ತದ" ಎಂದಳು. ಹಿಂದಿನ ಬೆಂಚಿನಲ್ಲಿ ಮಗಳು ಅವರಮ್ಮನ ತೊಡೆ ಮೇಲೆ ಮಲಗಿದ್ದಳು, ಮೈ ಕಾದ ಹೆಂಚಿನಂಗೆ. ಒಟ್ಟು 42,000 ರೂಪಾಯಿ ಕೈಯಿಂದ ಹೋಯಿತು.

ಕೆಲಸ ಬಿಡುವ ಮುಂಚೆಯೇ ಅದೇ ವಿಮಾ ಕಂಪನಿಯ ಸ್ವಂತ ಪಾಲಿಸಿಗೆ ಬದಲಾಯಿಸಿಕೊಡಿ ಎಂದು ಕೇಳಬಹುದಿತ್ತು. ಆ ದಾರಿ ಇದೆ ಅಂತ ಆಮೇಲೆ ಗೊತ್ತಾಯಿತು.

ಹೊಸ ಕಂಪನಿಯೂ ಕಾರ್ಡ್ ಕೊಟ್ಟಿತು. ಆದರೂ ಅಕ್ಟೋಬರ್‌ನಲ್ಲಿ ನಮ್ಮ ಮೂವರಿಗೆ ಸೇರಿ 10 ಲಕ್ಷದ ಸ್ವಂತ ಪಾಲಿಸಿ ಮಾಡಿಸಿದೆ. ಸ್ವಂತ ಪಾಲಿಸಿಯಲ್ಲಿ ಮೊದಲ 30 ದಿನ ಅಪಘಾತ ಬಿಟ್ಟರೆ ಯಾವ ಕಾಯಿಲೆಗೂ ದುಡ್ಡು ಬರುವುದಿಲ್ಲ. ಮೊದಲೇ ಇರುವ ಕಾಯಿಲೆಗೆ 3 ವರ್ಷದವರೆಗೂ ಕಾಯಬೇಕಾಗಬಹುದು. ಆ ಕಾಯುವ ಕಾಲ ಕಂಪನಿ ಕಾರ್ಡಿನ ನೆರಳಿನಲ್ಲಿ ಕಳೆಯಲಿ ಅನ್ನುವುದೇ ನನ್ನ ಲೆಕ್ಕ. ಕೆಲಸ ಹೋದ ಮೇಲೆ ಮಾಡಿಸಿದರೆ ಆ ಮೂರು ವರ್ಷ ಯಾರು ನೋಡುತ್ತಾರೆ?

ನನಗೆ ಆಗಲೇ ಬಿಪಿ ಶುರುವಾಗಿತ್ತು. "ಅದನ್ನ ಬರೀಬ್ಯಾಡ್ರಿ ಅಣ್ಣಾ, ಪ್ರೀಮಿಯಂ ಜಾಸ್ತಿ ಆಗ್ತದ" ಅಂದ ಏಜೆಂಟ್. ನಾನು ಬರೆದೆ. ಮುಚ್ಚಿಟ್ಟು ನಾಳೆ ಕ್ಲೇಮ್ ತಿರಸ್ಕಾರವಾದರೆ ಕಟ್ಟಿದ್ದೆಲ್ಲ ನೀರಪಾಲು ಅಲ್ವಾ?

ಇನ್ನೊಂದು ನಾನು ಹಟ ಹಿಡಿದು ನೋಡಿದ್ದು ರೂಮ್ ಬಾಡಿಗೆ ಮಿತಿ. ಹಿಂದೆ ಹುಬ್ಬಳ್ಳಿಯಲ್ಲಿ ಅವ್ವನ ಪಿತ್ತಕೋಶದ ಆಪರೇಷನ್ ಆದಾಗ ಪೆಟ್ಟು ತಿಂದಿದ್ದೆ. ಹಳೇ ಕಂಪನಿ ಪಾಲಿಸಿಯ ಮಿತಿ ದಿನಕ್ಕೆ 3 ಲಕ್ಷದ 1%, ಅಂದರೆ 3,000. ನಾವು ತೊಗೊಂಡಿದ್ದು 5,000ದ ರೂಮ್. ಹೆಚ್ಚಿನ 2,000 ಅಷ್ಟೇ ನಮ್ಮ ಮೇಲೆ ಬೀಳುತ್ತದೆ ಅಂದುಕೊಂಡಿದ್ದೆ. ಆದರೆ 5,000ಕ್ಕೆ 3,000 ಅನ್ನುವ ಅದೇ ಲೆಕ್ಕದಲ್ಲಿ ಡಾಕ್ಟರ್ ಫೀ, ಆಪರೇಷನ್ ಥಿಯೇಟರ್ ಚಾರ್ಜ್‌ನಲ್ಲೂ 60% ಮಾತ್ರ ಕೊಟ್ಟರು. ಔಷಧಿ ಬಿಲ್ ಮಾತ್ರ ಬಚಾವಾಯಿತು. ಅದಕ್ಕೇ ಈ ಸಲ ರೂಮ್ ಮಿತಿ ಇಲ್ಲದ್ದನ್ನೇ ಹುಡುಕಿದೆ.

ಅವ್ವನನ್ನು ಕಂಪನಿ ಪಾಲಿಸಿಯಲ್ಲೇ ಉಳಿಸಿದ್ದೇನೆ. 66 ವಯಸ್ಸು, ಮೇಲೆ ಶುಗರ್. ಸ್ವಂತ ಪಾಲಿಸಿಗೆ ಕೇಳಿದ ಪ್ರೀಮಿಯಂ ನನ್ನ ಕೈಗೆಟುಕಲಿಲ್ಲ. ನನ್ನ ಕೆಲಸ ಹೋದರೆ ಅವಳ ಕವರೂ ಹೋಗುತ್ತದೆ. ಅದಕ್ಕೆಂದೇ ಬ್ಯಾಂಕಿನಲ್ಲಿ ಅವಳ ಹೆಸರಿನಲ್ಲಿ ತಿಂಗಳಿಗೆ 3,000 ಆರ್‌ಡಿ ಕಟ್ಟುತ್ತಿದ್ದೇನೆ. 2025ರ ಸೆಪ್ಟೆಂಬರ್ 22ರಿಂದ ಸ್ವಂತ ಪಾಲಿಸಿಯ ಮೇಲಿನ 18% ಜಿಎಸ್‌ಟಿ ತೆಗೆದರು. ರಿನ್ಯೂವಲ್‌ನಲ್ಲಿ ಉಳಿದ ದುಡ್ಡನ್ನೂ ಅವ್ವನಿಗೆಂದೇ ಎತ್ತಿಟ್ಟೆ.