ಅಕ್ವೇರಿಯಂ ಗಿಡಗಳ ಪಾಚಿ ಹೋದದ್ದು ಹೀಗೆ

ಧಾರವಾಡದ ನಮ್ಮ ಮನೆಯ 60 ಲೀಟರಿನ ಅಕ್ವೇರಿಯಂನಲ್ಲಿ ಗಿಡಗಳಿಗೆಲ್ಲ ಪಾಚಿ ಹತ್ತಿತ್ತು. ಹಳೆ ಎಲೆಗಳಲ್ಲಿ ಸೂಜಿ ಚುಚ್ಚಿದಂಥ ತೂತು, ಸುತ್ತ ಹಳದಿ ಅಂಚು. ಬೆಳಕು ಸಾಲದೇನೋ ಅಂತ ದಿನಕ್ಕೆ 11 ತಾಸು ಎಲ್‌ಇಡಿ ಹಚ್ಚಿಡುತ್ತಿದ್ದೆ. ತಪ್ಪಾಗಿದ್ದೇ ಅಲ್ಲಿ. ಬೆಳಕು ಜಾಸ್ತಿಯಾದಷ್ಟೂ ಗಿಡಕ್ಕೆ ಇಂಗಾಲದ ಡೈಆಕ್ಸೈಡ್, ಗೊಬ್ಬರ ಎರಡೂ ಜಾಸ್ತಿ ಬೇಕು. ಅವು ಸಿಗದಿದ್ದರೆ ಗಿಡ ಸೊರಗಿ ಪಾಚಿ ಬೆಳೆಯುತ್ತದೆ.

ಟೈಮರ್ ಹಾಕಿ 6 ತಾಸಿಗೆ ಇಳಿಸಿದೆ. ಬಾಟಲಿಯಲ್ಲಿ ಸಕ್ಕರೆ ನೀರು, ಚಿಟಿಕೆ ಯೀಸ್ಟ್ ಹಾಕಿ, ಅದರಿಂದ ಬರುವ ಇಂಗಾಲದ ಡೈಆಕ್ಸೈಡ್ ಗ್ಯಾಸನ್ನು ಪೈಪಿನಿಂದ ಅಕ್ವೇರಿಯಂಗೆ ಬಿಟ್ಟೆ. ಅದು ರಾತ್ರಿಯೂ ನಿಲ್ಲುವುದಿಲ್ಲ. ಮೀನುಗಳಿಗೆ ಉಸಿರು ಕಟ್ಟಬಾರದು ಅಲ್ವಾ? ಅದಕ್ಕೇ ದೀಪ ಆರಿದ ಮೇಲೆ ಏರ್ ಪಂಪ್ ಚಾಲೂ ಮಾಡುತ್ತೇನೆ. ಆ ತೂತುಗಳು ಪೊಟ್ಯಾಷಿಯಂ ಕೊರತೆಯ ಗುರುತು. ವಾರಕ್ಕೊಮ್ಮೆ ನೀರು ಬದಲಿಸಿದಾಗ ಅದಿರುವ ದ್ರವ ಗೊಬ್ಬರ ಹಾಕಿದೆ. ತೂತುಬಿದ್ದ ಎಲೆ ಮತ್ತೆ ಸರಿಹೋಗುವುದಿಲ್ಲ, ಕತ್ತರಿಸಿಬಿಡಿ.

ನಾಲ್ಕನೇ ವಾರ ಹೊಸ ಎಲೆಗಳು ತೂತಿಲ್ಲದೆ ಬಂದವು. ಎಲೆಯಂಚಿನಿಂದ ಸಣ್ಣ ಗುಳ್ಳೆಗಳು ಏಳುವುದನ್ನು ಸುಮ್ನೆ ನೋಡುತ್ತ ಕೂತುಬಿಟ್ಟೆ.