ಮೂರು ರೂಪಾಯಿ ಬಡ್ಡಿನ ಗ್ರಾಫ್ ಶೀಟಿಗೆ ಇಳಿಸಿದ್ದು

2022ರಲ್ಲಿ ಟ್ಯೂಷನ್ ರೂಮಿನ ಅಡ್ವಾನ್ಸು, ಬೆಂಚು, ಬೋರ್ಡು ಅಂತ 50,000 ಕೈಸಾಲ ಮಾಡಿದ್ದೆ. ನೂರಕ್ಕೆ ಮೂರು ರೂಪಾಯಿ, ತಿಂಗಳಿಗೆ ಕಟ್ಟಿಲ್ಲಾಂದ್ರೆ ಬಡ್ಡಿನೂ ಅಸಲಿಗೆ ಸೇರ್ಸೋದು. ಚಕ್ರಬಡ್ಡಿ ಪಾಠ ಮಾಡೋ ಮೇಷ್ಟ್ರು ನಾನೇ, ಆದ್ರೂ ತಲೇಲಿ ವರ್ಷಕ್ಕೆ 36 ಪರ್ಸೆಂಟ್ ಅಂತಾನೇ ಕೂತಿತ್ತು. 1.03ರ ಘಾತ 12 ಒತ್ತಿ ನೋಡಿದ್ರೆ 1.426, ಅಂದ್ರೆ ನಲವತ್ತೆರಡೂವರೆ ಚಿಲ್ರೆ.

ಇದನ್ನೇ ಕ್ಲಾಸಲ್ಲಿ ಗ್ರಾಫ್ ಹಾಕ್ಸೋಣ ಅಂತ ಹೊರಟೆ. ಮೊದಲ ಸಲ ವರ್ಷಕ್ಕೊಂದು ಚುಕ್ಕಿ ಇಟ್ಟೆ, 50 ಸಾವಿರ, 71 ಸಾವಿರ, ಒಂದು ಲಕ್ಷದ ಹದಿನಾರು ನೂರು. ಹುಡುಗ್ರು ಸ್ಕೇಲ್ ಇಟ್ಟು ಗೀಚಿ 'ಸಾರ್ ಇದು ನೇರ ಗೆರೆನೇ' ಅಂದ್ರು, ತಪ್ಪೇನಿಲ್ಲ, ಹಂಗೇ ಕಾಣ್ತಿತ್ತು. ಹತ್ತು ವರ್ಷಕ್ಕೆ ಎಳೆದ್ರೆ 17 ಲಕ್ಷ ದಾಟ್ತು, ಆ ಸ್ಕೇಲಲ್ಲಿ ಮೊದಲೆರಡು ವರ್ಷ ನೆಲಕ್ಕೆ ಅಂಟ್ಕೊಂಡ್ಬಿಡ್ತು, ನನ್ನ ಸಾಲ ಇದ್ದಿದ್ದೇ ಅಲ್ಲಿ. ಸೆಮಿಲಾಗ್ ಶೀಟ್ (ನಿಂತ ಗೆರೆ ಮೇಲೆ ಸಮ ಅಂತರಕ್ಕೆ ಒಂದೇ ಪಟ್ಟು ಏರೋ ಗ್ರಾಫ್ ಶೀಟ್) ಕೇಳಿದ್ರೆ ಅಂಗಡಿಯವ್ನು ನನ್ ಮುಖ ನೋಡ್ದ. ಜೊತೆಗೆ ಪಾಠ ಮಾಡೋ ಗೆಳೆಯ 'ಲಾಗ್ ಗೀಗ್ ಬೇಡ ಮಾರಾಯ, ಫಾರ್ಮುಲಾ ಬಾಯಿಪಾಠ ಮಾಡ್ಸು, ಮಾರ್ಕ್ಸ್ ಬರುತ್ತೆ' ಅಂತ ನಕ್ಕ.

ಆಮೇಲೆ ಮಾಮೂಲಿ ಗ್ರಾಫ್ ಶೀಟಲ್ಲೇ ನಿಂತ ಗೆರೆ ಮೇಲೆ 50 ಸಾವಿರ, 1 ಲಕ್ಷ, 2 ಲಕ್ಷ, 4 ಲಕ್ಷ ಅಂತ ಸಮ ಅಂತರಕ್ಕೆ ಬರ್ಸಿದೆ, ಪ್ರತಿ ಮೆಟ್ಟಿಲಿಗೂ ದುಪ್ಪಟ್ಟು. ಅದ್ರಲ್ಲೂ ಎಡವಿದೆ. 50 ಸಾವಿರಕ್ಕೂ ಲಕ್ಷಕ್ಕೂ ನಡುಮಧ್ಯೆ 75 ಅಂತ ಬರ್ದಿದ್ದೆ, ಚುಕ್ಕಿಗಳು ಕೂರ್ಲೇ ಇಲ್ಲ, ಗೆರೆ ಜೋತು ಬಿತ್ತು. ಎರಡು ದಿನ ತಲೆ ಕೆರ್ಕೊಂಡ ಮೇಲೆ ಹೊಳೀತು, ಅರ್ಧರ್ಧ ಮೆಟ್ಟಿಲಿಗೂ ಒಂದೇ ಪಟ್ಟು ಏರ್ಬೇಕು, ಹಾಗಾಗಿ ನಡುವೆ ಬರ್ಬೇಕಾದ್ದು 70 ಸಾವಿರದ ಏಳ್ನೂರು. ಸರಿ ಮಾಡಿದ್ದೇ ತಡ ಎಲ್ಲಾ ಚುಕ್ಕಿ ಒಂದೇ ಗೆರೇಲಿ, ಇಪ್ಪತ್ಮೂರೂವರೆ ತಿಂಗಳಿಗೊಂದು ಮೆಟ್ಟಿಲು. ನಡುವಿನ ಬಾಕಿ ಗುರುತುಗಳನ್ನ ಕ್ಯಾಲ್ಕುಲೇಟರ್ ಇಲ್ದೆ ಹಾಕೋ ಉಪಾಯ ಒಂದಿದೆ, ಅದು ನನ್ನ ಟ್ಯೂಷನ್ ಬಂಡವಾಳ, ಇಲ್ಲಿ ಬಿಟ್ಟುಕೊಡಲ್ಲ.

ಅದೇ ಶೀಟಲ್ಲಿ ಪೋಸ್ಟಾಫೀಸಿನ ಉಳಿತಾಯ ಸ್ಕೀಮು ಕಿಸಾನ್ ವಿಕಾಸ ಪತ್ರದ ಗೆರೆನೂ ಎಳೆದೆ, ಆಗ ಏಳೂವರೆ ಪರ್ಸೆಂಟ್, 115 ತಿಂಗಳಿಗೆ ದುಪ್ಪಟ್ಟು, ಮಲಗಿದ ಹಾಗಿತ್ತು. ಪಕ್ಕದಲ್ಲಿ ನನ್ನದೇ 40,000 ಎಫ್‌ಡಿ, ಏಳು ಪರ್ಸೆಂಟ್, ಮೂರು ತಿಂಗಳಿಗೊಮ್ಮೆ ಬಡ್ಡಿ ಸೇರುತ್ತೆ, ಆದ್ರೂ ದುಪ್ಪಟ್ಟಾಗೋಕೆ ಹತ್ತು ವರ್ಷ. ಅಲ್ಲಿ ವರ್ಷಕ್ಕೆ 2,900 ಬರ್ತಿತ್ತು, ಅಷ್ಟೇ ದುಡ್ಡಿಗೆ ಸಾಲದ ಕಡೆ 17,000 ಏರ್ತಿತ್ತು! ಎಫ್‌ಡಿ ಮುಟ್ಟಬಾರ್ದು ಅಂತ ಅಪ್ಪ ಹೇಳಿದ್ನ ವೇದ ಮಾಡ್ಕೊಂಡಿದ್ದೆ. ಹದಿನಾಲ್ಕನೇ ತಿಂಗಳಿಗೆ ಸಾಲ ಎಪ್ಪತ್ತೈದೂವರೆ ಸಾವಿರ ದಾಟಿತ್ತು. ಎಫ್‌ಡಿ ಮುರ್ದೆ, ಬಡ್ಡೀಲಿ ಒಂದು ಪರ್ಸೆಂಟ್ ಕಡಿದ್ರು, ಕಡೀಲಿ ಅಂದೆ. ಉಳಿದ ಸಾಲ ತೀರ್ಸಿದ್ದು ಹೆಂಡ್ತಿ ಚೀಟಿ ದುಡ್ಡಲ್ಲಿ, ಅದಕ್ಕೆ ಈಗ್ಲೂ ಬೈಸ್ಕೋತೀನಿ.

ಸುಮ್ನೆ ಬೈಕನ್ನೂ ಗ್ರಾಫಿಗೆ ಹಾಕ್ದೆ, ವರ್ಷಕ್ಕೆ 15 ಪರ್ಸೆಂಟ್ ಬೆಲೆ ಇಳಿಯುತ್ತೆ ಅಂತ ಲೆಕ್ಕ ಇಟ್ಟು, ನಾಲ್ಕು ವರ್ಷ ಚಿಲ್ರೇಗೆ ಒಂದು ಮೆಟ್ಟಿಲು ಕೆಳಗೆ, ಅದೂ ನೇರ ಗೆರೆನೇ. ಮಾರೋಕೆ ಹೋದಾಗ ದಲ್ಲಾಳಿ ಹೇಳಿದ ರೇಟು ಗೆರೆಗಿಂತ ಎಷ್ಟೋ ಕೆಳಗಿತ್ತು. ನಕ್ಕ ಗೆಳೆಯ ಮೊನ್ನೆ ಬಂದು ಶೀಟಿನ ಫೋಟೋ ಹೊಡ್ಕೊಂಡು ಹೋದ, ಯಾಕೆ ಅಂತ ಹೇಳ್ಲಿಲ್ಲ, ಅವ್ನದ್ದು ಐದು ರೂಪಾಯಿ ಬಡ್ಡಿ ಅಂತ ಗಾಳಿಸುದ್ದಿ.